ಹೆಸರಿನ ಮೂಲ, ನೆತ್ತರಿನ ಮೂಲ



ನಿಮ್ಮ ಉಪನಾಮವೇನೆಂದು ಯಾರಾದರೂ ಕೇಳಿದರೆ ನಮ್ಮಲ್ಲಿ ಹೆಚ್ಚಿನವರು ನೀಡುವ ಉತ್ತರ ಒಂದು ಪೋರ್ಚುಗೀಸ್ ಪದ. ಆ ಭಾಷೆಯಲ್ಲಿ ಲೋಬೊ ಎಂದರೆ ತೋಳ, ಕುವೆಲ್ಲೊ ಎಂದರೆ ಮೊಲ. ಕರ್ವಾಲೊ ಓಕ್ ಮರ. ಪಿರೇರಾ ಪಿಯರ್ ಹಣ್ಣಿನ ಮರ. ರೊಡ್ರಿಗಸ್ ಎಂದರೆ ರೊಡ್ರಿಗೊ ಎಂಬವನ ಮಗ, ಫೆರ್ನಾಂಡಿಸ್ ಎಂದರೆ ಫೆರ್ನಾಂಡೊ ಎಂಬವನ ಮಗ. ಡಿಸೋಜ ಎಂಬುದು ಪೋರ್ಚುಗಲ್ಲಿನ ಸೋಜಾ ಎಂಬ ನದಿಯಿಂದ ಬಂದ ಹೆಸರು. ಸ್ವರ್ಣಾ, ಸೀತಾ ನದಿಗಳ ನೀರು ಕುಡಿದು ಬೆಳೆದವರು ತಾವೆಂದೂ ಕಾಣದ ನದಿಯೊಂದರ ಹೆಸರನ್ನು ನಾಲ್ಕು ಶತಮಾನಗಳಿಂದ ಹೊತ್ತುಕೊಂಡು ಬಂದಿದ್ದಾರೆ.

ಈ ಹೆಸರುಗಳ ಬಗ್ಗೆ ನಮ್ಮ ಹಿರಿಯರಿಗೆ ಹೆಚ್ಚಿನ ಕುತೂಹಲವಿದ್ದಂತೆ ಕಾಣುವುದಿಲ್ಲ. ಇಂದಿನ ಯುವಜನರಿಗೆ ಅದು ಇದೆ. ಅಂಬಲಪಾಡಿ, ಕಲ್ಯಾಣಪುರ, ಕಾಪು, ಕಾರ್ಕಳಗಳಿಂದ ಹೊರಟು ಕೆನಡಾ, ಇಂಗ್ಲೆಂಡ್, ಆಸ್ಟ್ರೇಲಿಯಾಗಳಲ್ಲಿ ನೆಲೆಸಿದವರ ಮಕ್ಕಳು ಪುಟ್ಟ ಕೊಳವೆಯೊಂದಕ್ಕೆ ಎಂಜಲನ್ನು ಉಗುಳಿ ಅಂಚೆಯಲ್ಲಿ ಕಳುಹಿಸುತ್ತಾರೆ. ಕೆಲವು ವಾರಗಳಲ್ಲಿ ಅವರ ಡಿ.ಎನ್.ಎ. ವರದಿ ಬರುತ್ತದೆ. ರಜೆಗೆ ಊರಿಗೆ ಬಂದಾಗ ಅದನ್ನು ಅಜ್ಜ ಅಜ್ಜಿಯರಿಗೆ ತೋರಿಸುತ್ತಾರೆ. ಆಗ ಒಂದು ಪ್ರಶ್ನೆ ಏಳುತ್ತದೆ: ಹೆಸರು ಪೋರ್ಚುಗೀಸಾದರೆ ನೆತ್ತರಿನಲ್ಲಿ ಪೋರ್ಚುಗಲ್ ಏಕೆ ಇಲ್ಲ? ಕೆಲವರಿಗೆ ಇದರಿಂದ ನಿರಾಶೆಯಾಗುತ್ತದೆ, ಇನ್ನು ಕೆಲವರಿಗೆ ನಿರಾಳ. ಎರಡಕ್ಕೂ ಕಾರಣವಿಲ್ಲವೆಂದು ನನಗೆ ತೋರುತ್ತದೆ. ಆದರೆ ಪ್ರಶ್ನೆ ನ್ಯಾಯವಾದದ್ದು. ಇತಿಹಾಸವೂ ವಿಜ್ಞಾನವೂ ಅದಕ್ಕೆ ಉತ್ತರ ಹೇಳಬಲ್ಲವು.

ಮೊದಲು ಇತಿಹಾಸ. 1510ರಲ್ಲಿ ಗೋವೆಯನ್ನು ಗೆದ್ದ ಅಲ್ಬುಕರ್ಕ್ ತನ್ನ ಸೈನಿಕರು ಸ್ಥಳೀಯ ಸ್ತ್ರೀಯರನ್ನು ಮದುವೆಯಾಗಿ ಅಲ್ಲಿಯೇ ನೆಲೆಸುವಂತೆ ಉತ್ತೇಜಿಸಿದನು. ಆ ಮದುವೆಗಳಿಂದ ಮಿಶ್ರ ಸಂತಾನದ ಒಂದು ಸಣ್ಣ ಸಮುದಾಯವೇನೋ ಹುಟ್ಟಿತು. ಆದರೆ ಗೋವೆಯ ಹಳ್ಳಿಗಳಲ್ಲಿ ಕ್ರೈಸ್ತರಾದ ಬಹುಸಂಖ್ಯಾತರು ಈ ಮದುವೆಗಳ ಸಂತಾನವಲ್ಲ. ಅವರು ಅದೇ ಮಣ್ಣಿನ ಒಕ್ಕಲುಗಳು, ಗಾಂವ್ಕಾರರು, ಕುಶಲಕರ್ಮಿಗಳು. ದೀಕ್ಷಾಸ್ನಾನದ ವೇಳೆ ಅವರಿಗೆ ಹೊಸ ಹೆಸರು ಬೇಕಾಗಿತ್ತು. ಜ್ಞಾನಪಿತನಾಗಿ ನಿಂತ ಪೋರ್ಚುಗೀಸ್ ಅಧಿಕಾರಿಯದೋ, ದೀಕ್ಷೆ ಕೊಟ್ಟ ಗುರುವಿನದೋ ಉಪನಾಮ ಅವರಿಗೆ ಬಂದಿತು. ಒಂದೇ ದಿನ ಒಂದೇ ಗ್ರಾಮದಲ್ಲಿ ದೀಕ್ಷೆ ಪಡೆದ ಹಲವು ಕುಟುಂಬಗಳಿಗೆ ಒಂದೇ ಉಪನಾಮ ಸಿಕ್ಕಿದ್ದೂ ಉಂಟು. ಆದುದರಿಂದ ಇಬ್ಬರು ಪಿಂಟೊಗಳು ಬಂಧುಗಳಾಗಿರಬೇಕಿಲ್ಲ. ಒಬ್ಬ ಪಿಂಟೊ ಮತ್ತು ಒಬ್ಬ ಸಲ್ದಾನ್ಹಾ ಒಂದೇ ಮೂಲಪುರುಷನ ಸಂತತಿಯಾಗಿರಲೂಬಹುದು. ಪ್ರಭು, ಕಾಮತ್, ಶೆಣೈ, ನಾಯಕ್, ಶೇಟ್ ಮುಂತಾದ ಹಳೆಯ ಹೆಸರುಗಳನ್ನು ನೆನಪಿನಲ್ಲಿ ಉಳಿಸಿಕೊಂಡ ಕುಟುಂಬಗಳು ನಮ್ಮ ನಡುವೆ ಇಂದಿಗೂ ಇವೆ.

ಗೋವೆಯಿಂದ ಕೆನರಾಕ್ಕೆ ಬಂದದ್ದು ಒಂದೇ ದಿನದ ಪಯಣವಲ್ಲ. 1560ರಲ್ಲಿ ಗೋವೆಯಲ್ಲಿ ಇನ್ಕ್ವಿಸಿಷನ್ ಎಂಬ ಧರ್ಮವಿಚಾರಣಾ ನ್ಯಾಯಸ್ಥಾನ ಆರಂಭವಾಯಿತು. ಹೊಸ ಕ್ರೈಸ್ತರು ತಮ್ಮ ಹಳೆಯ ಉಡುಗೆಯನ್ನೋ ಮದುವೆಯ ಹಾಡನ್ನೋ ಉಳಿಸಿಕೊಂಡರೆ ಅದು ಅಪರಾಧವೆನಿಸಿತು. ಇದು ಧರ್ಮಸಭೆಯ ಹೆಸರಿನಲ್ಲಿಯೇ ನಡೆಯಿತೆಂಬುದನ್ನು ಮುಚ್ಚಿಡಬೇಕಾಗಿಲ್ಲ. ಜೊತೆಗೆ 1570ರ ಆಸುಪಾಸಿನ ಆದಿಲಶಾಹಿ ಯುದ್ಧ, ಕ್ಷಾಮ, ಮುಂದೆ 1683 ಮತ್ತು 1739ರ ಮರಾಠಾ ದಾಳಿಗಳು ಜನರನ್ನು ತಂಡತಂಡವಾಗಿ ದಕ್ಷಿಣಕ್ಕೆ ತಳ್ಳಿದವು. ಕೆಳದಿಯ ನಾಯಕರಿಗೆ ಒಳ್ಳೆಯ ಬೇಸಾಯಗಾರರು ಬೇಕಾಗಿದ್ದರು. ಬಂದವರಿಗೆ ಭೂಮಿ ದೊರಕಿತು. 1678ರಲ್ಲಿ ಕೆಳದಿ ಅರಸರಿಗೂ ಪೋರ್ಚುಗೀಸರಿಗೂ ಆದ ಒಪ್ಪಂದದಂತೆ ಕಲ್ಯಾಣಪುರವೂ ಸೇರಿ ಕರಾವಳಿಯ ಕೆಲವೆಡೆ ಇಗರ್ಜಿ ಕಟ್ಟಲು ಅನುಮತಿ ಸಿಕ್ಕಿತು. 2012ರಲ್ಲಿ ಉಡುಪಿ ಧರ್ಮಪ್ರಾಂತ್ಯದ ಪ್ರಧಾನಾಲಯವಾದ ಮಿಲಾಗ್ರಿಸ್ ಇಗರ್ಜಿಯ ಚರಿತ್ರೆ ಅಲ್ಲಿಂದ ಆರಂಭ.

ಬಂದವರು ಹೆಸರನ್ನು ತಂದರು, ಇಗರ್ಜಿ, ಪಾದ್ರಿ, ಮೇಜು, ಚಾವಿ, ಬಟಾಟೆಗಳಂಥ ಪದಗಳನ್ನು ತಂದರು. ಕರಿಮಣಿಯನ್ನೂ ರೋಸ್ ಎಂಬ ತೆಂಗಿನ ಹಾಲಿನ ಶಾಸ್ತ್ರವನ್ನೂ ಬಿಡದೆ ತಂದರು. ಪೋರ್ಚುಗೀಸ್ ರಕ್ತವನ್ನು ಎಷ್ಟು ತಂದರು?

ಇಲ್ಲಿ ವಿಜ್ಞಾನದ ಮಾತು ಬರುತ್ತದೆ. ಡಿ.ಎನ್.ಎ. ಪರೀಕ್ಷೆ ಮೂರು ಬಗೆಯಲ್ಲಿ ಪೂರ್ವಜರನ್ನು ಹುಡುಕುತ್ತದೆ. ಅವುಗಳಲ್ಲಿ ಎರಡನ್ನು ತುಳುನಾಡಿನವರು ಇತರರಿಗಿಂತ ಬೇಗ ಅರ್ಥಮಾಡಿಕೊಳ್ಳಬಲ್ಲರು. ಏಕೆಂದರೆ ಮಕ್ಕಳಕಟ್ಟು ಮತ್ತು ಅಳಿಯಕಟ್ಟು ಎಂಬ ಎರಡು ಪದ್ಧತಿಗಳನ್ನು ನಾವು ನೆರೆಮನೆಗಳಲ್ಲಿಯೇ ಕಂಡವರು. ವೈ ವರ್ಣತಂತು ಮಕ್ಕಳಕಟ್ಟಿನಂತೆ: ತಂದೆಯಿಂದ ಮಗನಿಗೆ, ಅವನಿಂದ ಅವನ ಮಗನಿಗೆ. ಮೈಟೊಕಾಂಡ್ರಿಯಾದ ಡಿ.ಎನ್.ಎ. ಅಳಿಯಕಟ್ಟಿನಂತೆ: ತಾಯಿಯಿಂದ ಎಲ್ಲ ಮಕ್ಕಳಿಗೂ ಬರುತ್ತದೆ, ಆದರೆ ಮುಂದೆ ಸಾಗುವುದು ಹೆಣ್ಣುಮಕ್ಕಳ ಮೂಲಕ ಮಾತ್ರ. ಬಂಟರ, ಬಿಲ್ಲವರ ಮನೆಗಳಲ್ಲಿ ತಾಯಿಯ ಬಳಿಯೇ ಮಕ್ಕಳ ಬಳಿಯಾಗುವುದನ್ನು ನೆನೆದುಕೊಳ್ಳಿ.

ಈ ಎರಡನೆಯ ಬಗೆಗೆ ಪ್ರಸಿದ್ಧವಾದ ಉದಾಹರಣೆಯೊಂದಿದೆ. ಬ್ರಿಟಿಷ್ ರಾಜಕುಮಾರ ವಿಲಿಯಮ್‌ನ ತಾಯಿ ಡಯಾನಾಳ ವಂಶದಲ್ಲಿ, ಸೂರತ್ತಿನಲ್ಲಿ ವ್ಯಾಪಾರ ಮಾಡುತ್ತಿದ್ದ ಸ್ಕಾಟ್ಲೆಂಡಿನ ಥಿಯೊಡೋರ್ ಫೋರ್ಬ್ಸ್ ಎಂಬವನೂ ಅವನ ಮನೆವಾರ್ತೆ ನೋಡಿಕೊಳ್ಳುತ್ತಿದ್ದ ಎಲೈಜಾ ಕೆವಾರ್ಕ್ ಎಂಬವಳೂ ಇದ್ದರು. ಅವರ ಮಗಳನ್ನು ಎಳೆಯ ವಯಸ್ಸಿನಲ್ಲಿ ಸ್ಕಾಟ್ಲೆಂಡಿಗೆ ಕಳುಹಿಸಲಾಯಿತು. ಎಲೈಜಾ ಅರ್ಮೇನಿಯದವಳೆಂದು ಆ ಕುಟುಂಬದಲ್ಲಿ ಹೇಳಿಕೊಂಡು ಬಂದಿದ್ದರು. 2013ರಲ್ಲಿ ಡಯಾನಾಳ ತಾಯಿಯ ಕಡೆಯ ಬಂಧುಗಳ ಎಂಜಲನ್ನು ಪರೀಕ್ಷಿಸಿದಾಗ ಆರ್30ಬಿ ಎಂಬ ಅಪರೂಪದ ತಾಯಿವಂಶ ಕಂಡುಬಂದಿತು. ಅದುವರೆಗೆ ಅದು ದೊರೆತಿದ್ದುದು 14 ಮಂದಿಯಲ್ಲಿ. ಅವರಲ್ಲಿ 13 ಮಂದಿ ಭಾರತೀಯರು, ಒಬ್ಬರು ನೇಪಾಳದವರು. ಎರಡು ಶತಮಾನ ಮರೆಯಲ್ಲಿದ್ದ ಒಬ್ಬ ಭಾರತೀಯ ತಾಯಿ ಹೀಗೆ ಬೆಳಕಿಗೆ ಬಂದಳು. ಅಳಿಯಕಟ್ಟಿನ ನಿಯಮದಂತೆ ವಿಲಿಯಮ್ ತನ್ನ ಮಕ್ಕಳಿಗೆ ಆ ಗುರುತನ್ನು ದಾಟಿಸಲಾರ.

ಮೂರನೆಯ ಬಗೆ ಉಳಿದೆಲ್ಲ ಡಿ.ಎನ್.ಎ.ಯನ್ನು ನೋಡುವಂಥದು. ಶೇಕಡಾವಾರು ವರದಿಗಳು ಬರುವುದು ಇದರಿಂದಲೇ, ತಪ್ಪು ತಿಳಿವಳಿಕೆ ಹುಟ್ಟುವುದೂ ಇದರಿಂದಲೇ. ನಮಗೆ ಇಬ್ಬರು ಹೆತ್ತವರು, ನಾಲ್ವರು ಅಜ್ಜ ಅಜ್ಜಿಯರು, ಎಂಟು ಮಂದಿ ಮುತ್ತಜ್ಜ ಮುತ್ತಜ್ಜಿಯರು. ಗೋವೆಯಲ್ಲಿ ಇನ್ಕ್ವಿಸಿಷನ್ ಆರಂಭವಾದ ದಿನಗಳಿಗೆ ಹೋಗಬೇಕಾದರೆ ಸುಮಾರು 15 ತಲೆಮಾರು ಹಿಂದೆ ನಡೆಯಬೇಕು. ಆ ಲೆಕ್ಕದಲ್ಲಿ ಒಬ್ಬೊಬ್ಬರಿಗೂ 32,768 ಪೂರ್ವಜರ ಸ್ಥಾನಗಳಿವೆ. ಚಿಕ್ಕ ಸಮುದಾಯದೊಳಗೇ ಸಂಬಂಧ ಬೆಳೆಸುತ್ತ ಬಂದ ನಮ್ಮಲ್ಲಿ ಅಷ್ಟೂ ಬೇರೆ ಬೇರೆ ವ್ಯಕ್ತಿಗಳಲ್ಲ. ಒಬ್ಬನೇ ಹಿರಿಯ ಹಲವು ಸ್ಥಾನಗಳಲ್ಲಿ ನಿಂತಿರುತ್ತಾನೆ. ಆದರೂ ಅಷ್ಟು ಹಿಂದಿನ ಒಬ್ಬನೇ ಒಬ್ಬ ಪೋರ್ಚುಗೀಸ್ ಸೈನಿಕನಿದ್ದರೆ ಅವನ ಡಿ.ಎನ್.ಎ.ಯ ಒಂದು ತುಣುಕೂ ಇಂದು ನಿಮ್ಮಲ್ಲಿ ಉಳಿದಿರದೆ ಇರುವ ಸಂಭವವೇ ಹೆಚ್ಚು. ಅವನು ನೇರ ಗಂಡುಸಾಲಿನಲ್ಲಿದ್ದರೆ ವೈ ವರ್ಣತಂತು ಸಾಕ್ಷಿ ಹೇಳೀತು. ಬೇರೆ ಕವಲಿನಲ್ಲಿದ್ದರೆ ಪರೀಕ್ಷೆ ಮೌನವಾಗಿರುತ್ತದೆ. ವರದಿಯಲ್ಲಿ ಪೋರ್ಚುಗಲ್ ಇಲ್ಲವೆಂದ ಮಾತ್ರಕ್ಕೆ ಅಂಥ ಪೂರ್ವಜನೇ ಇರಲಿಲ್ಲವೆಂದು ಸಾಧಿಸಿದಂತಾಗದು. ಇನ್ನೂ ಒಂದು ಸಂಗತಿ: ಈ ಸಂಸ್ಥೆಗಳು ನಿಮ್ಮನ್ನು ಹೋಲಿಸುವುದು ತಮ್ಮಲ್ಲಿರುವ ಇಂದಿನ ಜನರ ಮಾದರಿಗಳೊಂದಿಗೆ. ಮಾದರಿಗಳು ಹೆಚ್ಚಿದಂತೆ ಶೇಕಡಾವಾರು ಬದಲಾಗುತ್ತದೆ. ಹೋದ ವರ್ಷ ಒಂದು, ಈ ವರ್ಷ ಇನ್ನೊಂದು. ನೆತ್ತರು ಮಾತ್ರ ಅದೇ.

ಖಚಿತವಾದ ಪ್ರಶ್ನೆಯನ್ನು ಕೇಳಿದಾಗ ಡಿ.ಎನ್.ಎ. ಎಂಥ ಸೇವೆ ಮಾಡಬಲ್ಲುದೆಂಬುದಕ್ಕೆ ಹಳೆ ಗೋವೆಯೇ ಸಾಕ್ಷಿ. ಜಾರ್ಜಿಯಾ ದೇಶದ ರಾಣಿ ಕೆಟೆವಾನ್ ತನ್ನ ಕ್ರೈಸ್ತ ವಿಶ್ವಾಸವನ್ನು ಬಿಡಲೊಪ್ಪದೆ 1624ರಲ್ಲಿ ಪರ್ಶಿಯಾದ ಶಿರಾಜ್‌ನಲ್ಲಿ ಚಿತ್ರಹಿಂಸೆಗೆ ಬಲಿಯಾದಳು. ಅವಳ ಅಸ್ಥಿಗಳ ಒಂದು ಭಾಗವನ್ನು ಅಗಸ್ಟೀನ್ ಸಭೆಯ ಗುರುಗಳು 1627ರಲ್ಲಿ ಗೋವೆಗೆ ತಂದು ತಮ್ಮ ಮಠದ ಇಗರ್ಜಿಯಲ್ಲಿ ಇರಿಸಿದರೆಂದು ದಾಖಲೆಗಳಿದ್ದವು. ಆ ಇಗರ್ಜಿ ಪಾಳುಬಿದ್ದಿತು. 2004ರ ಉತ್ಖನನದಲ್ಲಿ, ದಾಖಲೆ ಸೂಚಿಸಿದ ಜಾಗದ ಬಳಿ ಪುರಾತತ್ತ್ವ ಇಲಾಖೆಯವರಿಗೆ ಮೂಳೆಯೊಂದು ದೊರಕಿತು. ಹೈದರಾಬಾದಿನ ಕೋಶೀಯ ಮತ್ತು ಅಣುಜೀವ ವಿಜ್ಞಾನ ಕೇಂದ್ರದ ವಿಜ್ಞಾನಿಗಳು ಅದರ ತಾಯಿವಂಶವನ್ನು ಪರೀಕ್ಷಿಸಿದರು. ಅಲ್ಲಿ ಕಂಡ ಯು1ಬಿ ಎಂಬ ಗುರುತು ಭಾರತದ ಸುಮಾರು 22,000 ಮಾದರಿಗಳಲ್ಲಿ ಎಲ್ಲಿಯೂ ಇರಲಿಲ್ಲ. ಜಾರ್ಜಿಯಾದ 30 ಮಂದಿಯಲ್ಲಿ ಇಬ್ಬರಲ್ಲಿ ಇತ್ತು. 2021ರ ಜುಲೈಯಲ್ಲಿ ಭಾರತ ಸರ್ಕಾರ ಆ ಅಸ್ಥಿಯ ಭಾಗವನ್ನು ಜಾರ್ಜಿಯಾಕ್ಕೆ ಒಪ್ಪಿಸಿತು. ಗಮನಿಸಿ, ಮೂಳೆ ಒಂದೇ ಮಾತಾಡಲಿಲ್ಲ. ಹಳೆಯ ಕಾಗದವು ಜಾಗ ತೋರಿಸಿತು, ಗುದ್ದಲಿ ಅಲ್ಲಿ ಅಗೆಯಿತು, ಪ್ರಯೋಗಾಲಯ ಕೊನೆಗೆ ಬಂದಿತು.

ಅದೇ ಹೈದರಾಬಾದಿನ ಕೇಂದ್ರವೂ ಲಖನೌದ ಬೀರಬಲ್ ಸಾಹ್ನಿ ಸಂಸ್ಥೆಯೂ ಸೇರಿ ನಮ್ಮನ್ನೇ ಕುರಿತು ನಡೆಸಿದ ಅಧ್ಯಯನವೊಂದು 2021ರಲ್ಲಿ ಪ್ರಕಟವಾಯಿತು. ಗೋವಾ, ಕುಮಟಾ ಮತ್ತು ಮಂಗಳೂರಿನ ರೋಮನ್ ಕಥೋಲಿಕರಲ್ಲಿ 110 ಮಂದಿಯ ಡಿ.ಎನ್.ಎ.ಯನ್ನು ಅವರು ಪರಿಶೀಲಿಸಿದ್ದರು. ಕೊಂಕಣದ ಈ ಕ್ರೈಸ್ತರಲ್ಲಿ ಬಹುಪಾಲು ಜನರು ಗೌಡ ಸಾರಸ್ವತ ಸಮುದಾಯದ ಪ್ರಾಚೀನ ವಂಶಸಾಲುಗಳಿಗೆ ಹತ್ತಿರದವರು ಎಂಬುದು ಅವರ ಮುಖ್ಯ ನಿರ್ಣಯ. ಯೆಹೂದಿ ಮೂಲದ ಅಂಶವೊಂದು ಬೆರೆತಿರುವ ಸೂಚನೆಯನ್ನೂ ಅವರು ಹೇಳಿದ್ದಾರೆ. ಗಂಡುಸಾಲಿನ ವೈ ವರ್ಣತಂತುಗಳಲ್ಲಿ ಶೇಕಡಾ 40ಕ್ಕಿಂತ ಹೆಚ್ಚು ಆರ್1ಎ ಎಂಬ ಗುಂಪಿಗೆ ಸೇರಿದವು. ಈ ಗುಂಪು ಉತ್ತರ ಭಾರತದಲ್ಲಿ ವ್ಯಾಪಕವಾಗಿದೆ, ಯುರೋಪಿನಲ್ಲಿಯೂ ಇದೆ. ಯುರೋಪ್ ಎಂಬ ಪದ ಕಂಡೊಡನೆ ಹಿಗ್ಗುವವರು ನೆನಪಿಡಬೇಕು: ಪೋರ್ಚುಗಲ್ಲಿನ ಗಂಡಸರಲ್ಲಿ ಅತಿ ಸಾಮಾನ್ಯವಾದುದು ಆರ್1ಬಿ ಎಂಬ ಬೇರೆಯೇ ಗುಂಪು. ಈ ಅಧ್ಯಯನದ ಬೆರಳು ಲಿಸ್ಬನ್ನಿನತ್ತ ಚಾಚಿಲ್ಲ.

ವರದಿ ಪತ್ರಿಕೆಗಳಲ್ಲಿ ಬಂದಾಗ ನಮ್ಮವರಲ್ಲಿ ಕೆಲವರಿಗೆ ಆದ ಸಂತೋಷವನ್ನು ಕಂಡು ನನಗೆ ಚಿಂತೆಯಾಯಿತು. ಪರಂಗಿ ರಕ್ತದ ಹೆಮ್ಮೆ ಹೋಯಿತು, ಆ ಸ್ಥಾನದಲ್ಲಿ ಬಾಮೊಣ್ ರಕ್ತದ ಹೆಮ್ಮೆ ಬಂದು ಕುಳಿತಿತು. ದೀಕ್ಷಾಸ್ನಾನದ ನೀರಿನಲ್ಲಿ ಜಾತಿ ತೊಳೆದುಹೋಗಬೇಕಾಗಿತ್ತು. ಹೋಗಲಿಲ್ಲವೆಂಬುದು ನಿಮಗೂ ಗೊತ್ತು, ನನಗೂ ಗೊತ್ತು. ಬಾಮೊಣ್, ಚಾರೊಡಿ, ಸುದಿರ್ ಎಂಬ ಮಾತುಗಳನ್ನು ಧರ್ಮಪೀಠದ ಮುಂದೆ ಯಾರೂ ಆಡುವುದಿಲ್ಲ. ಮದುವೆಯ ಮಾತುಕತೆಯಲ್ಲಿ ದಲ್ಲಾಳಿಯ ಕಿವಿಯಲ್ಲಿ ಆಡುತ್ತಾರೆ. ಇನ್ನು ಮುಂದೆ ಹುಡುಗನ ಜಾತಕದಂತೆ ಡಿ.ಎನ್.ಎ. ವರದಿಯನ್ನೂ ಮೇಜಿನ ಮೇಲಿಡುವ ಕಾಲ ಬಂದೀತೇ? ಬಂದರೆ ಅದು ವಿಜ್ಞಾನದ ದೋಷವಲ್ಲ. 110 ಮಂದಿಯ ಸರಾಸರಿಯಿಂದ ಒಂದು ಸಮುದಾಯದ ಒಟ್ಟು ಒಲವನ್ನು ತಿಳಿಯಬಹುದೇ ಹೊರತು ನಿಮ್ಮ ಮನೆಯ ಜಾತಿಯನ್ನಲ್ಲ. ವೈ ವರ್ಣತಂತು ಆ 32,768 ಸ್ಥಾನಗಳಲ್ಲಿ ಒಂದರ ಸುದ್ದಿಯನ್ನು ಮಾತ್ರ ಹೇಳುತ್ತದೆ. ಉಳಿದ 32,767 ಸ್ಥಾನಗಳಲ್ಲಿ ಯಾರಿದ್ದರು? ಸಂತ ಮತ್ತಾಯನು ಪ್ರಭು ಯೇಸುವಿನ ವಂಶಾವಳಿಯನ್ನು ಬರೆಯುವಾಗ ಅಬ್ರಹಾಮ, ದಾವೀದರ ಗಂಡುಸಾಲಿನ ನಡುವೆ ತಾಮಾರ್, ರಾಹಾಬ್, ರೂತ್ ಮತ್ತು ಊರಿಯನ ಹೆಂಡತಿಯನ್ನು ಬೇಕೆಂದೇ ಸೇರಿಸಿದ್ದಾನೆ. ಪರಕೀಯರೆಂದೋ ಕಳಂಕಿತರೆಂದೋ ಯಾವ ಅಭಿಮಾನಿ ವಂಶಜನಾದರೂ ಅಳಿಸಿಹಾಕುತ್ತಿದ್ದ ಹೆಸರುಗಳವು.

ವಸಾಹತು ಕಾಲದ ಗುರುತನ್ನು ನಿಜವಾಗಿ ದೇಹದಲ್ಲಿ ಹೊತ್ತವರು ನಮ್ಮ ಕರ್ನಾಟಕದಲ್ಲಿಯೇ ಇದ್ದಾರೆ, ಆದರೆ ಅವರು ಆ ಬಗ್ಗೆ ಹೆಮ್ಮೆಪಡಲು ಕಾರಣಗಳಿರಲಿಲ್ಲ. ಯಲ್ಲಾಪುರ, ಹಳಿಯಾಳ, ಅಂಕೋಲೆಯ ಕಾಡಂಚಿನ ಸಿದ್ದಿಗಳ ವಿಷಯ ಹೇಳುತ್ತಿದ್ದೇನೆ. ಪೋರ್ಚುಗೀಸರೂ ಅರಬರೂ ಆಫ್ರಿಕಾದಿಂದ ಗುಲಾಮರಾಗಿ ತಂದವರ ಸಂತತಿ ಅವರು. ಅವರಲ್ಲಿ ಹಿಂದೂಗಳಿದ್ದಾರೆ, ಮುಸಲ್ಮಾನರಿದ್ದಾರೆ, ಕಥೋಲಿಕರೂ ಇದ್ದಾರೆ. 2011ರಲ್ಲಿ ಪ್ರಕಟವಾದ ಅಧ್ಯಯನವೊಂದು ಅವರ ಪೂರ್ವಜರು ಆಫ್ರಿಕಾದ ಬಾಂಟು ಭಾಷಿಕ ಜನರೊಂದಿಗೆ ಸಂಬಂಧವುಳ್ಳವರೆಂದೂ, ಭಾರತೀಯರೊಂದಿಗೆ ಬೆರಕೆ ನಡೆದದ್ದು ಸುಮಾರು 200 ವರ್ಷಗಳಿಂದೀಚೆಗೆ, ಅಂದರೆ ಎಂಟು ತಲೆಮಾರುಗಳಲ್ಲಿ ಎಂದೂ ತಿಳಿಸಿತು. ಅವರಲ್ಲಿ ಯುರೋಪಿನ, ಬಹುಶಃ ಪೋರ್ಚುಗೀಸರ, ಅಂಶವಿರುವ ಸಾಧ್ಯತೆಯನ್ನೂ ಸೂಚಿಸಿತು. ವಿಪರ್ಯಾಸವನ್ನು ನೋಡಿ: ಒಡೆಯನ ಹೆಸರು ಅವನ ಇಗರ್ಜಿಯಲ್ಲಿ ದೀಕ್ಷೆ ಪಡೆದವರಿಗೆ ಬಂದಿತು, ಅವನ ನೆತ್ತರು ಅವನು ಕೊಂಡು ತಂದ ಗುಲಾಮರ ಮಕ್ಕಳಲ್ಲಿ ಉಳಿಯಿತು. ಆ ನೆತ್ತರು ಮದುವೆಯ ಮೂಲಕವೇ ಬಂದಿತೇ ಎಂದು ಯಾವ ಪರೀಕ್ಷೆಯೂ ಹೇಳುವುದಿಲ್ಲ. ಉತ್ತರ ಕನ್ನಡದ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ದೊರಕಲು 2003ರವರೆಗೆ ಕಾಯಬೇಕಾಯಿತು.

ಇದಕ್ಕೆ ಎದುರಾದ ಸಂಗತಿ ಮಂಗಳೂರಿನಲ್ಲಿದೆ. ಬಾಸೆಲ್ ಮಿಶನ್ನಿನಲ್ಲಿ 1844ರಲ್ಲಿ ಕ್ರೈಸ್ತರಾದ ಸಾರಸ್ವತ ಬ್ರಾಹ್ಮಣ ಹರ್ಮನ್ ಆನಂದರಾವ್ ಕೌಂಡಿಣ್ಯರು ತಮ್ಮ ಗೋತ್ರದ ಹೆಸರನ್ನು ಬಿಡಲಿಲ್ಲ. 1860ರಲ್ಲಿ ಜರ್ಮನಿಯ ಮರೀ ರೈನ್‌ಹಾರ್ಟ್ ಎಂಬವರನ್ನು ವಿವಾಹವಾದರು. ಅಲ್ಲಿ ಹೆಸರು ಪೂರ್ಣ ದೇಶೀಯ, ಮಕ್ಕಳ ನೆತ್ತರಿನಲ್ಲಿ ಅರ್ಧ ಯುರೋಪು.

ಪರೀಕ್ಷೆಗೆ ಮನಸ್ಸು ಮಾಡುವ ಕುಟುಂಬಗಳಿಗೆ ಎರಡು ಮಾತು ಹೇಳಬೇಕು. ಮೊದಲನೆಯದು ಮನೆಯೊಳಗಿನದು. ನಾಲ್ಕು ಶತಮಾನದ ಹಿಂದಿನ ಪೂರ್ವಜನ ವಿಷಯದಲ್ಲಿ ತಡವರಿಸುವ ಈ ಪರೀಕ್ಷೆ ಹತ್ತಿರದ ಸಂಬಂಧಗಳಲ್ಲಿ ಬಹು ನಿಖರ. ಯಾರು ಯಾರ ಮಗು, ಯಾರು ಅರೆಸೋದರ, ಯಾರನ್ನು ದತ್ತು ಪಡೆಯಲಾಗಿದೆ ಎಂಬುದನ್ನು ಅದು ಹೊರಗೆಡಹುತ್ತದೆ. ಪೋರ್ಚುಗಲ್ ಹುಡುಕಲು ಹೊರಟವರು ಐವತ್ತು ವರ್ಷ ಹಿಂದೆ ಒಬ್ಬ ತಾಯಿ ಕಣ್ಣೀರಿನೊಡನೆ ಮುಚ್ಚಿಟ್ಟದ್ದನ್ನು ತೆರೆದುಬಿಟ್ಟಾರು. ದತ್ತು ಮಗುವಿನ ಹೆತ್ತವರಾಗಿ ಸಾಕಿದವರ ಹೆಸರನ್ನೇ ಬರೆದುಕೊಳ್ಳಲು ಧರ್ಮಸಭೆಯ ಕಾನೂನು ಅವಕಾಶ ನೀಡುತ್ತದೆ. ಪ್ರಯೋಗಾಲಯಕ್ಕೆ ಆ ದಾಕ್ಷಿಣ್ಯವಿಲ್ಲ. ಮನೆಯ ಹಿರಿಯರು ಜೀವಂತವಿರುವಾಗ ಅವರನ್ನು ಕೇಳದೆ ಈ ಕೆಲಸಕ್ಕೆ ಇಳಿಯಬಾರದೆಂದು ನನ್ನ ಅಭಿಪ್ರಾಯ. ನೀವು ಕೊಡುವ ಡಿ.ಎನ್.ಎ. ನಿಮ್ಮೊಬ್ಬರದಲ್ಲ, ನಿಮ್ಮ ಅಣ್ಣತಮ್ಮ ಅಕ್ಕತಂಗಿಯರದೂ ಹೌದು.

ಎರಡನೆಯದು ಹೊರಗಿನದು. ಈ ಉದ್ಯಮದಲ್ಲಿ ಹೆಸರಾಂತ ಅಮೆರಿಕದ 23ಆಂಡ್‌ಮಿ ಸಂಸ್ಥೆಯಿಂದ 2023ರಲ್ಲಿ ಸುಮಾರು 69 ಲಕ್ಷ ಗ್ರಾಹಕರ ಮಾಹಿತಿ ಸೋರಿಹೋಯಿತು. 2025ರ ಮಾರ್ಚಿಯಲ್ಲಿ ಅದು ದಿವಾಳಿಯೆಂದು ನ್ಯಾಯಾಲಯಕ್ಕೆ ಹೋಯಿತು. ಜನರು ನಂಬಿ ಕೊಟ್ಟ ವಂಶಮಾಹಿತಿಯ ಭಂಡಾರ ಮಾರಾಟದ ಸರಕಾಯಿತು. ಅದೇ ವರ್ಷ ಸಂಸ್ಥೆಯ ಸ್ಥಾಪಕಿ ಕಟ್ಟಿದ ಲಾಭರಹಿತ ಸಂಘವೇ ಅದನ್ನು ಕೊಂಡುಕೊಂಡಿತೆಂಬುದು ಬೇರೆ ಮಾತು. ನಮ್ಮ ದೇಶದಲ್ಲಿ ಡಿ.ಎನ್.ಎ. ತಂತ್ರಜ್ಞಾನದ ನಿಯಂತ್ರಣಕ್ಕಾಗಿ 2019ರಲ್ಲಿ ಲೋಕಸಭೆಯಲ್ಲಿ ಮಂಡಿಸಿದ ಮಸೂದೆಯನ್ನು 2023ರಲ್ಲಿ ಹಿಂದಕ್ಕೆ ಪಡೆಯಲಾಯಿತು.

ಹಾಗಾದರೆ ಕುತೂಹಲವನ್ನು ಎಲ್ಲಿ ತಣಿಸಿಕೊಳ್ಳಬೇಕು? ನಿಮ್ಮ ಧರ್ಮಕೇಂದ್ರದ ಕಚೇರಿಯ ಕಪಾಟಿನಲ್ಲಿ. ಟ್ರೆಂಟ್ ಮಹಾಸಭೆ 1563ರಲ್ಲಿ ಪ್ರತಿಯೊಬ್ಬ ಧರ್ಮಕೇಂದ್ರದ ಗುರುವೂ ವಿವಾಹದ ಪುಸ್ತಕವನ್ನು ಇಡಬೇಕೆಂದೂ, ದೀಕ್ಷಾಸ್ನಾನಕ್ಕೆ ನಿಂತ ಜ್ಞಾನಪೋಷಕರ ಹೆಸರನ್ನು ಬರೆಯಬೇಕೆಂದೂ ವಿಧಿಸಿತು. ಬಂಧುಗಳೊಳಗಿನ ನಿಷಿದ್ಧ ವಿವಾಹಗಳನ್ನು ತಡೆಯುವುದು ಅದರ ಒಂದು ಉದ್ದೇಶವಾಗಿತ್ತು. ವಂಶದ ಹೆಮ್ಮೆ ಅಲ್ಲ. ದುರದೃಷ್ಟವಶಾತ್ 1784ರಲ್ಲಿ ಟಿಪ್ಪು ಸುಲ್ತಾನನು ಕೆನರಾದ ಕ್ರೈಸ್ತರನ್ನು ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದಾಗ ಕರಾವಳಿಯ ಅನೇಕ ಇಗರ್ಜಿಗಳು ನೆಲಸಮವಾದವು. ಸೆರೆಹೋದವರ ಸಂಖ್ಯೆಯಲ್ಲಿ ಲೇಖಕರಿಗೆ ಒಮ್ಮತವಿಲ್ಲ. 1799ರಲ್ಲಿ ಬದುಕಿ ಮರಳಿದವರು ಹೊಸದಾಗಿ ಮನೆ ಕಟ್ಟಿದಂತೆ ಹೊಸ ಪುಸ್ತಕಗಳನ್ನು ತೆರೆಯಬೇಕಾಯಿತು. ಹೀಗಾಗಿ ನಮ್ಮ ಕಡೆಯ ವಂಶಾವಳಿಗಳು ಬಹುಮಟ್ಟಿಗೆ ಆ ಕಾಲದ ಅಂಚಿನಲ್ಲಿ ನಿಂತುಬಿಡುತ್ತವೆ. ಆದರೆ ಅಲ್ಲಿಂದೀಚಿನ ಎರಡು ಶತಮಾನಗಳ ಸಂಪತ್ತು ಸಣ್ಣದಲ್ಲ. ಮಂಗಳೂರಿನ ಡಾ. ಮೈಕಲ್ ಲೋಬೊ ಅವರು ಗಣಿತಜ್ಞರಾಗಿದ್ದೂ ವರ್ಷಗಟ್ಟಲೆ ಕೂತು ಮಂಗಳೂರು ಕಥೋಲಿಕ ಕುಟುಂಬಗಳ ವಂಶವೃಕ್ಷಗಳನ್ನು ಕಲೆಹಾಕಿದ್ದು ಯಾವ ಎಂಜಲ ಪರೀಕ್ಷೆಯ ನೆರವೂ ಇಲ್ಲದೆ.

ಪುಸ್ತಕ ನೋಡಲು ಬರುವಾಗ ಸಿದ್ಧತೆ ಮಾಡಿಕೊಂಡು ಬನ್ನಿ. ಅಜ್ಜನ ಹೆಸರಿನ ಜೊತೆಗೆ ಅಜ್ಜಿಯ ತವರಿನ ಹೆಸರನ್ನೂ ಅವಳ ಹುಟ್ಟೂರನ್ನೂ ಬರೆದುಕೊಳ್ಳಿ. ಹೆಣ್ಣುಸಾಲು ಕಳೆದುಹೋಗುವುದು ಮದುವೆಯಲ್ಲಿ ಹೆಸರು ಬದಲಾಗುವುದರಿಂದ. ದೀಕ್ಷಾಸ್ನಾನದ ದಾಖಲೆಯ ಅಂಚಿನಲ್ಲಿ ಆ ವ್ಯಕ್ತಿ ಮುಂದೆ ಎಲ್ಲಿ ಯಾರನ್ನು ಮದುವೆಯಾದನೆಂಬ ಟಿಪ್ಪಣಿ ಇರಬೇಕಾದದ್ದು ನಿಯಮ. ಅದು ನಿಮ್ಮನ್ನು ಮುಂದಿನ ಇಗರ್ಜಿಗೆ ಕರೆದೊಯ್ಯುತ್ತದೆ. ಹಳೆಯ ಪುಟಗಳು ಲತೀನಿನಲ್ಲೋ ಪೋರ್ಚುಗೀಸಿನಲ್ಲೋ ಇದ್ದರೆ ಹೆದರಬೇಡಿ, ಹೆಸರುಗಳನ್ನು ಓದಲು ಅಷ್ಟು ಭಾಷೆ ಬೇಕಾಗಿಲ್ಲ. 19ನೆಯ ಶತಮಾನದಲ್ಲಿ ಗೋವೆಯ ಅಧೀನದಲ್ಲಿದ್ದವರೂ ರೋಮಿನ ಪ್ರೊಪಗಾಂಡದ ಅಧೀನಕ್ಕೆ ಬಂದವರೂ ಎಂದು ನಮ್ಮ ಜನ ಇಬ್ಭಾಗವಾಗಿದ್ದುದರಿಂದ ಒಂದೇ ಊರಿನ ಕುಟುಂಬ ಎರಡು ಇಗರ್ಜಿಗಳಲ್ಲಿ ಹಂಚಿಹೋಗಿರಬಹುದು. ಒಂದು ಕಡೆ ಸಿಗದಿದ್ದರೆ ಇನ್ನೊಂದು ಕಡೆ ಕೇಳಿ. ಕಾಗದ ಹಳತಾಗಿ ಅಂಚು ಪುಡಿಯಾಗುತ್ತಿದೆ. ಪುಟವನ್ನು ನೀವೇ ತಿರುವಬೇಡಿ, ಕಚೇರಿಯವರು ತಿರುವುತ್ತಾರೆ. ಭಾನುವಾರ ಪೂಜೆ ಮುಗಿದೊಡನೆ ಬರಬೇಡಿ, ವಾರದ ನಡುವೆ ಬನ್ನಿ.